ತಡವಾದ ಉತ್ತರದ ಜೊತೆಗಿಟ್ಟ ಚೀಟಿ

ಓಲ್ಡ್‌ರಾಯ್ಡ್ ಅವರೇ,
ಮೂರನೆಯ ಉತ್ತರಪತ್ರಿಕೆ ಹನ್ನೊಂದು ದಿನ ತಡ.
ತಪ್ಪು ನನ್ನದಲ್ಲ, ದೋಣಿ ಹೊರಡಲಿಲ್ಲ.
ಶೆಟ್‌ಲೆಂಡಿನ ಈ ತುದಿಯಲ್ಲಿ ಗಾಳಿ ಎದ್ದರೆ
ನಿಮ್ಮ ವಿಶ್ವವಿದ್ಯಾಲಯ ನಮಗೆ ಚಂದ್ರನಷ್ಟು ದೂರ;
ಚಂದ್ರನಾದರೂ ಕಾಣುತ್ತಾನೆ.

ನಿಮ್ಮನ್ನು ನಾನು ಕಂಡವಳಲ್ಲ.
ಬಲ್ಲದ್ದು ಕೆಂಪು ಶಾಯಿಯೊಂದನ್ನೇ:
ಪ್ರಶ್ನೆಚಿಹ್ನೆಯ ಕೆಳಗೆ ನೀವಿಡುವ ಚುಕ್ಕೆ
ಹಾಳೆಯನ್ನು ತೂತು ಮಾಡುತ್ತದೆ.
ಅಷ್ಟು ಒತ್ತಿ ಕೇಳುವವರು
ಉತ್ತರಕ್ಕೆ ನಿಜಕ್ಕೂ ಕಾದಿರಬೇಕು ಅಂದುಕೊಂಡೆ.

ಹೋದ ಸಲ ಬರೆದಿದ್ದಿರಿ:
"ಎಲ್ಲ ಕಡೆ 'ನಾವು' ಎನ್ನುತ್ತೀರಿ. ನಾವು ಅಂದರೆ ಯಾರು?"
ಹೇಳುತ್ತೇನೆ.

ಭಾನುವಾರ ಬೆಳಗ್ಗೆ ಆರೂಮುಕ್ಕಾಲಿಗೆ ಟೀವಿಯಲ್ಲಿ ಪಾಠ.
ಅಗಲ ಕಾಲರಿನ ಒಬ್ಬ ಮನುಷ್ಯ
ಕಪ್ಪುಬಿಳುಪು ಆಲಿಕಲ್ಲಿನ ಮಳೆಯೊಳಗೆ ನಿಂತು
ಖಂಡಗಳು ಸರಿಯುತ್ತಿವೆ ಎನ್ನುತ್ತಾನೆ.
ಮಗ ಆಂಟೆನಾ ಹಿಡಿದು ಗೋಡೆಗೊರಗಿರುತ್ತಾನೆ,
ಅವನು ಸೀನಿದರೆ ಆಫ್ರಿಕಾ ಹೋಯಿತು.
ಅತ್ತೆ ಜೆಮೈಮಾ ಹೆಣಿಗೆ ಬಿಡದೆ ಕೇಳುತ್ತಾಳೆ.
ಅಟ್ಲಾಂಟಿಕ್ ವರ್ಷಕ್ಕೊಂದು ಉಗುರಿನಷ್ಟು ಅಗಲವಾಗುತ್ತದಂತೆ;
ಸೋಮವಾರ ಅಂಗಡಿಯಲ್ಲಿ ಅವಳ ಘೋಷಣೆ:
"ಅದಕ್ಕೇ ನೋಡಿ, ಮೀನು ದೂರ ಹೋಯಿತು."

ಇನ್ನು ನಾನು.
ಮೀನು ಶೆಡ್ಡಿನ ಪಾಳಿ ಮುಗಿಸಿ
ಬ್ರೆಡ್ಡಿನ ಡಬ್ಬಿಗೆ ಪುಸ್ತಕ ಆನಿಸಿ ಓದುವವಳು.
ನೂರಾ ಹನ್ನೆರಡನೆಯ ಪುಟಕ್ಕೆ ಒಂದು ಹುರುಪೆ ಅಂಟಿದೆ,
ದೀಪ ಬಿದ್ದರೆ ಹೊಳೆಯುತ್ತದೆ, ಕೀಳಲಿಲ್ಲ.
ಹದಿನೈದಕ್ಕೆ ಶಾಲೆ ಬಿಡಿಸುವಾಗ ಮೇಷ್ಟರು ಅಂದಿದ್ದರು:
"ಓಸ್ಲಾ, ನಿನ್ನ ಕೈ ಚುರುಕು."
ತಲೆಯ ಸುದ್ದಿ ಎತ್ತಲಿಲ್ಲ.
ನಿಮ್ಮ ಅರ್ಜಿಯಲ್ಲಿ 'ಹಿಂದಿನ ವಿದ್ಯಾರ್ಹತೆ' ಎಂಬಲ್ಲಿ
ಅಡ್ಡಗೆರೆ ಎಳೆದು, ನಾಚಿ, ಲಕೋಟೆ ಅಂಟಿಸಿದೆ.
ಯಾರೂ ಏನೂ ಕೇಳದೆ ಪುಸ್ತಕ ಕಳಿಸಿದರು.

ಆಮೇಲೆ ಬಂತು ಕಲ್ಲಿನ ಪೆಟ್ಟಿಗೆ.
ಅಂಚೆಯ ಗಿಬ್ಬಿ ಮೆಟ್ಟಿಲ ಮೇಲೆ ಕುಕ್ಕಿ ಬೈದ:
"ಬರೀ ಕಲ್ಲೇ ಇರುವ ದ್ವೀಪಕ್ಕೆ
ಅಂಚೆಯಲ್ಲಿ ಕಲ್ಲು! ಯಾರಪ್ಪನ ಗಂಟು?"
ಬೈದವನು ಹೋಗಲಿಲ್ಲ, ಬಿಚ್ಚುವವರೆಗೂ ನಿಂತ.
ಎಂಟು ಗುಳಿ, ಎಂಟು ಕಲ್ಲು,
ಬಿಳಿ ಬಣ್ಣದಲ್ಲಿ ಎಂಟು ಅಂಕಿ.

ಐದನೆಯದನ್ನು ಮುಟ್ಟಿದೆ.
ಭೂತಗನ್ನಡಿ ಇನ್ನೂ ಹತ್ತಿಯಲ್ಲೇ ಮಲಗಿತ್ತು.
ಸೋಪಿನಂಥ ನುಣುಪು, ಒದ್ದೆ ಹಸಿರು.
ಇದರ ಮೇಲೆ ಜಾರಿ ನಾನು ಹಲ್ಲು ಮುರಿದುಕೊಂಡಿದ್ದೆ.
ಇದರ ಅಣ್ಣ ನಮ್ಮ ಕುರಿಹಟ್ಟಿಯ ಬಾಗಿಲಿಗೆ ಆನಿಕೆ.
ಗಿಬ್ಬಿ ಮೂಸಿ ನೋಡಿ ಮೆಲ್ಲಗೆ ಅಂದ:
"ಇದು ನಮ್ಮದು."

ಯಾರೋ ದಕ್ಷಿಣದಿಂದ ಸುತ್ತಿಗೆ ತಂದು
ನಮ್ಮ ದಂಡೆಯಿಂದ ಒಡೆದು ಒಯ್ದು
ಕೊಯ್ದು, ಒರೆಸಿ, ಅಂಕಿ ಬರೆದು
ಅಂಚೆವೆಚ್ಚ ಹಾಕಿ ನನಗೇ ಕಳಿಸಿದ್ದಾರೆ,
ಈಗ ಹೆಸರಿದೆ ಅದಕ್ಕೆ: ಸರ್ಪೆಂಟಿನೈಟ್.
ಸಾಗರದ ತಳಕ್ಕೂ ತಳದ ಕಲ್ಲು,
ನೀರು ಕುಡಿದು ಕುಡಿದು ಹಸಿರಾದದ್ದು.
ಆ ಸಾಗರವೇ ಈಗಿಲ್ಲ.

ಮೂವತ್ತೆಂಟು ವರ್ಷ
ಸತ್ತ ಸಮುದ್ರದ ಅಡಿಯ ಮೇಲೆ
ರಬ್ಬರ್ ಬೂಟು ಹಾಕಿಕೊಂಡು ನಡೆದಿದ್ದೇನೆ, ಓಲ್ಡ್‌ರಾಯ್ಡ್ ಅವರೇ,
ಒಬ್ಬರೂ ಹೇಳಲಿಲ್ಲ.
ಅವತ್ತೆಲ್ಲ ಸಿಟ್ಟು. ಯಾರ ಮೇಲೆಂದು ತಿಳಿಯದೆ
ಆಲೂಗಡ್ಡೆ ಸಿಪ್ಪೆ ದಪ್ಪಗೆ ಹೆರೆದೆ.

ನಿಮ್ಮ ಪ್ರಶ್ನೆ: "ಐದನೆಯ ಮಾದರಿಯನ್ನು
ಹೆಸರು ಹೇಳದೆ ವರ್ಣಿಸಿ, ಇನ್ನೂರು ಪದ ಮೀರದಂತೆ."
ನಾನ್ನೂರ ಅರವತ್ತಾಗಿದೆ. ಅಂಕ ಕಳೆಯಿರಿ, ಬೇಸರವಿಲ್ಲ.
'ನಾವು' ಎಂಬುದನ್ನು ಮಾತ್ರ ಹೊಡೆಯಬೇಡಿ;
ಆಂಟೆನಾ ಹಿಡಿದವನ ತೋಳು ಇನ್ನೂ ನೋಯುತ್ತಿದೆ.

ವಿಶ್ವಾಸದಿಂದ,
ಓಸ್ಲಾ ಇಸ್ಬಿಸ್ಟರ್, ಅನ್‌ಸ್ಟ್.

ಮರೆತೆ:
ಕೋರ್ಸು ಮುಗಿದ ಮೇಲೆ ಪೆಟ್ಟಿಗೆ ಮರಳಿಸುವುದು ನಿಯಮ.
ಮರಳಿಸುತ್ತೇನೆ, ಎಂಟೂ ಇರುತ್ತವೆ.
ಐದರ ಗುಳಿಯಲ್ಲಿ ಮಲಗಿರುವುದು ಅದರ ತಂಗಿ,
ಅದೇ ದಂಡೆಯದು, ಗಿಬ್ಬಿ ಆರಿಸಿದ್ದು.
ಅಂಕಿ ನಾನೇ ಬರೆದಿದ್ದೇನೆ.
ತೂಗಿ ನೋಡಿ,
ವ್ಯತ್ಯಾಸ ಸಿಕ್ಕರೆ
ಕೆಂಪು ಶಾಯಿಯಲ್ಲಿ ಬರೆಯಿರಿ.