ಒಂದಳತೆ ಚಿಕ್ಕದು

ಡಕಾರಿನ ಹೋಟೆಲೊಂದರ ಅಡುಗೆಮನೆಯೇ ಇವತ್ತು ನೇಪಥ್ಯ.
ಈರುಳ್ಳಿ ಘಾಟಿಗೆ ಕಾಡಿಗೆ ಕರಗೀತೆಂದು
ಸೂರು ನೋಡುತ್ತ ನಿಂತಿದ್ದಾಳೆ ಸುಕೈನಾ.

ಮೊದಲ ದಿನವೇ ಹೇಳಿದ್ದರು:
ಇನ್ನೊಬ್ಬಳ ಹ್ಯಾಂಗರ್ ಮುಟ್ಟಬೇಡ.
ಉಡುಪು ತೊಟ್ಟಮೇಲೆ ಕೂರಬೇಡ.
ಶೂ ಕಚ್ಚಿದರೆ ಕಚ್ಚಲಿ,
ಮುಖಕ್ಕೆ ಹೇಳಬೇಡ.

ತಲೆಯ ಮೇಲಿಂದ ಉಡುಪು ಇಳಿಸುವಾಗ
ಬಣ್ಣ ತಾಗದಿರಲೆಂದು ಮೋರೆಗೆ
ತೆಳು ಬಟ್ಟೆ ಹೊದಿಸುತ್ತಾಳೆ ಕುಂಬಾ ಅಜ್ಜಿ.
ಆ ಕತ್ತಲಲ್ಲಿ
ಒಂದೇ ಒಂದು ಉಸಿರು, ಅವಳದೇ.

ಹೊರಗೆ ಡೋಲು. ಹತ್ತೊಂಬತ್ತು ಹೆಜ್ಜೆ, ತಿರುವು, ಮತ್ತೆ ಹತ್ತೊಂಬತ್ತು.
ಚಪ್ಪಾಳೆ ಉಡುಪಿಗೆ. ಗೊತ್ತು.

ಸಂಬಳ ಮುಂದಿನ ವಾರವಂತೆ.
ಕೊನೆಯ ಬಸ್ಸಿಗೆ ಓಡುವ ಮುಂಚೆ
ಶೂವಿನ ಹಿಮ್ಮಡಿಗಂಟಿದ ರಕ್ತ ಒರೆಸುತ್ತಾಳೆ,
ನಾಳೆ ಹಾಕುವ ಹುಡುಗಿಯ ಪಾದ ತೀರಾ ಪುಟ್ಟದು,
ತುದಿಗೆ ಒಂದಿಷ್ಟು ಹತ್ತಿ ತುರುಕಿ
ಜೋಡಿಸಿಡುತ್ತಾಳೆ.