ಮೂರು ಫೇಸಿನ ಮಾತು

ಬೋರ್‌ವೆಲ್ ಮೋಟಾರು ಬಿಚ್ಚಿದರೆ ಒಳಗೆ
ಸುಟ್ಟ ತಾಮ್ರದ ವಾಸನೆ. ಅದು ನನ್ನ ಕಸುಬು.
ಬಾಗೇಪಲ್ಲಿ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ,
ಟೈರಿನಂಗಡಿಗೂ ಬಿರಿಯಾನಿ ಹೋಟೆಲಿಗೂ ನಡುವೆ
ಎಂಟಡಿ ಅಗಲದ ಮಳಿಗೆ.
ಕೂದಲಿನಷ್ಟು ಸಣ್ಣ ತಂತಿ ಸಿಕ್ಕರೆ
ಅಯಸ್ಕಾಂತಕ್ಕೆ ಸುತ್ತಿ ಗಿಟಾರಿನ ಪಿಕಪ್ ಮಾಡುತ್ತೇನೆ,
ಏಳು ಸಾವಿರ ಸುತ್ತು.
ನಡುವೆ ಗಿರಾಕಿ ಬಂದು ಮಾತಾಡಿಸಿದರೆ
ಮತ್ತೆ ಒಂದರಿಂದ.

ವಾರ್ನಿಶ್ ಡಬ್ಬಗಳ ಪಕ್ಕ
ಪರದೆ ಒಡೆದ ಲ್ಯಾಪ್‌ಟಾಪೊಂದು ಹಗಲೂ ರಾತ್ರಿ ಉಸಿರಾಡುತ್ತದೆ.
ಅದು ನಮ್ಮ ಸರ್ವರು. ನಲವತ್ತಮೂರು ಜನರ ಊರು.
ಕಂಪನಿ ಇಲ್ಲ, ಜಾಹೀರಾತಿಲ್ಲ, ಯಾರೂ ಮಾರಾಟಕ್ಕಿಲ್ಲ.
ಕರೆಂಟು ಹೋದರೆ ಯುಪಿಎಸ್ಸು ನಲವತ್ತು ನಿಮಿಷ,
ಆಮೇಲೆ ಎಲ್ಲರಿಗೂ ಒಟ್ಟಿಗೆ ಮೌನ.
ಇದೂ ಒಂದು ಸಮಾನತೆ ಅನ್ನುತ್ತಾನೆ ವೆಂಕಟರವಣ.

ಯಾರೂ ಕೇಳದ ನನ್ನ ಅಭಿಪ್ರಾಯ ಇಷ್ಟು:
ಸೀಲಿಂಗ್ ಫ್ಯಾನು ಕೆಳಗಿನಿಂದ ನೋಡಿದವರಿಗೆ ಎಡಕ್ಕೆ ತಿರುಗುತ್ತದೆ,
ಮೇಲಿನಿಂದ ನೋಡಿದವರಿಗೆ ಬಲಕ್ಕೆ.
ನಾನು ಕೆಳಗೆ ಕೂತೇ ಬೆಳೆದವನು.
ಮೂರು ಫೇಸಿನ ಮೋಟಾರಿನಲ್ಲಿ ಎರಡು ವೈರು ಅದಲುಬದಲು ಮಾಡಿ ನೋಡಿ,
ಉಲ್ಟಾ ಓಡುತ್ತದೆ. ನಮ್ಮ ಸಂಘದಲ್ಲೂ ಒಬ್ಬರು ಹಾಗೆ ಓಡಿದರು.
ಶಬ್ದ ಅದೇ, ಬಿಸಿ ಅದೇ,
ನೀರು ಮಾತ್ರ ಮೇಲೆ ಬರಲಿಲ್ಲ.

ಶಟರು ಅರ್ಧ ಎಳೆದ ಮೇಲೆ ಮೂವರ ಬ್ಯಾಂಡು.
ಛತ್ರದವರು ಬಿಸಾಕಿದ ಸ್ಪೀಕರು, ಕೋನು ಹರಿದಿದೆ,
ಹರಿದದ್ದಕ್ಕೇ ಆ ಗೊಗ್ಗರು ದನಿ.
ಹೊಸದು ಹಾಕಿಸಿದರೆ ನಮ್ಮ ಹಾಡು ಸುಳ್ಳಾಗುತ್ತದೆ.
ಇದೂ ಒಂದು ಸಂಗೀತವಾ ಅಂದಿದ್ದರು ಹೋಟೆಲಿನ ಖಲಂದರ್ ಭಾಯಿ.
ಒಂದಿನ ರಜಾ ಮಾಡಿದ್ದಕ್ಕೆ
ಯಾಕೆ ಬಾರಿಸಲಿಲ್ಲ, ಪಾತ್ರೆ ತೊಳೆಯೋ ಹುಡುಗ ನಿದ್ದೆ ಹೋದ ಅಂತ ಬಂದು ಬೈದರು.
ಡ್ರಮ್ಮಿಗೆ ಗಂಗರತ್ನ, ತಾಲ್ಲೂಕು ಆಸ್ಪತ್ರೆಯ ನರ್ಸು.
ನಾಡಿ ಹಿಡಿದ ಕೈ, ತಾಳ ತಪ್ಪುವುದಿಲ್ಲ.
ತಪ್ಪಿದರೆ ಬೇಕೆಂದೇ.

ಒಂದು ರಾತ್ರಿ ಜಂಬದಲ್ಲಿ ಬರೆದೆ:
ನಮ್ಮ ಸೀಮೆಗೆ ತುಂಬಿ ಹರಿವ ಹೊಳೆಯಿಲ್ಲ.
ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆ,
ಅದು ತುಂಬಿದರೆ ಅದರ ಮುಂದಿನದು.
ಯಾರ ಕೆರೆ ಅವರದು, ನೀರು ಎಲ್ಲರದು.
ನಮ್ಮ ಈ ಪುಟ್ಟ ಪೆಟ್ಟಿಗೆಗಳೂ ಹಾಗೇ ಅಲ್ಲವಾ?
ತಾತಂದಿರು ಇದನ್ನೆಲ್ಲ ಆಗಲೇ ಕಟ್ಟಿದ್ದರು!
ಮೂವತ್ತೊಂದು ಜನ ಮೆಚ್ಚಿದರು.

ನೈಟ್ ಡ್ಯೂಟಿಯಿಂದ ಗಂಗರತ್ನ ಬರೆದಳು, ಎರಡೂಕಾಲಿಗೆ:
"ತೂಬು ಎತ್ತುತ್ತಿದ್ದವನು ನಮ್ಮ ತಾತ, ನೀರುಗಂಟಿ ಕದಿರಪ್ಪ.
ಕತ್ತಿನ ಮಟ್ಟ ನೀರಿಗಿಳಿದು ಎಲ್ಲರ ಗದ್ದೆಗೂ ಪಾಲು ಹಂಚಿದ.
ಅವನಿಗೆ ಗದ್ದೆ ಇರಲಿಲ್ಲ.
ಕುಡಿಯೋದಕ್ಕೆ ಅದೇ ಕೆರೆಯಲ್ಲಿ ಬೇರೆ ಮೂಲೆ.
ಎಲ್ಲರದು ಅಂದೆಯಲ್ಲ, ಆ ಎಲ್ಲರು ಯಾರು?
ಈ ಪೆಟ್ಟಿಗೆಯ ಪಾಸ್‌ವರ್ಡು ಯಾರ ಹತ್ತಿರ ಇದೆ?"

ನನ್ನ ಹತ್ತಿರ.

ಅಳಿಸಬಹುದಿತ್ತು. ಬೆರಳು ಆ ಗುಂಡಿಯವರೆಗೂ ಹೋಗಿತ್ತು.
ಇದನ್ನು ಅವಳಿಗೆ ಹೇಳಿಲ್ಲ.

ಶನಿವಾರ ಸ್ಕೂಟರಿನ ಮುಂದೆ ಹಳೇ ಸಿಪಿಯು ಇಟ್ಟುಕೊಂಡು ಬಂದಳು.
ಧೂಳು ಊದಿ, ಫ್ಯಾನಿಗೆ ಎಣ್ಣೆ ಬಿಟ್ಟು ಕೊಟ್ಟೆ.
ದುಡ್ಡು ಬೇಡ ಅಂದೆ.
"ತಗೋ. ಬಿಟ್ಟಿ ಚಾಕರಿ ಅಂದ್ರೇನು ಅಂತ
ನಮ್ಮ ಮನೇಲಿ ಎಲ್ಲರಿಗೂ ಗೊತ್ತು."
ತಗೊಂಡೆ, ನೂರೈವತ್ತು ರೂಪಾಯಿ.

ಈಗ ಗುಡಿಬಂಡೆಯಲ್ಲಿ ಅವಳದೇ ಒಂದು ಸರ್ವರು, ಹನ್ನೆರಡು ಜನ.
ಅಲ್ಲಿ ಬರೆದದ್ದು ಕೋಡಿ ಹರಿದು ನನ್ನಲ್ಲಿಗೂ ಬರುತ್ತದೆ,
ಸ್ವಲ್ಪ ತಡವಾಗಿ.
ನನ್ನದು ಅಲ್ಲಿಗೆ ಮುಟ್ಟುತ್ತದೋ,
ಅವಳು ತೂಬು ಇಳಿಸಿದ್ದಾಳೋ, ಕೇಳಿಲ್ಲ.

ಪ್ರಾಕ್ಟೀಸಿಗೆ ಮಾತ್ರ ತಪ್ಪದೆ ಬರುತ್ತಾಳೆ.
ನಿನ್ನೆ ನಡುವೆ ಕರೆಂಟು ಹೋಯಿತು.
ಗಿಟಾರು ಸತ್ತಿತು, ವೆಂಕಟರವಣನ ಬೇಸು ಸತ್ತಿತು.
ಡ್ರಮ್ಮಿಗೆ ಯಾರ ವೈರೂ ಬೇಕಿಲ್ಲ.
ಕತ್ತಲಲ್ಲಿ ಅವಳೊಬ್ಬಳೇ ಬಾರಿಸುತ್ತಾ ಹೋದಳು,
ನಾವಿಬ್ಬರು ತಂತಿ ಹಿಡಿದು ನಿಂತಿದ್ದೆವು.
ಪಕ್ಕದಲ್ಲಿ ಪಾತ್ರೆಯ ಸದ್ದು ನಿಂತಿತು.
ಹುಡುಗ ಶಟರಿನ ಕೆಳಗೆ ಬಗ್ಗಿ
ಒಳಗೆ ನೋಡುತ್ತಿದ್ದ, ಕೈತುಂಬ ಸೋಪಿನ ನೊರೆ.