ಅರ್ಧ ಮೂಟೆ ಸುಣ್ಣ

ಸುತ್ತೋಲೆ ಬಂದದ್ದು ಮಂಗಳವಾರ.
ಪಿ.ಟಿ. ಮೇಷ್ಟ್ರು ನಂಜರಾಜಯ್ಯ ಎರಡು ಸಲ ಓದಿ,
ಕನ್ನಡಕ ತೆಗೆದು ಒರೆಸಿ, ಮೂರನೇ ಸಲ ಓದಿ
ನನ್ನ ಕೈಗೆ ಕೊಟ್ಟರು,
ನೀನಾದರೂ ಹೇಳಪ್ಪ ಎಂಬಂತೆ.

ಕಾಲೇಜು ಹಾಕಿಗೆ ಇನ್ನು ಮೇಲೆ ಎರಡು ವಲಯ.
ಹೊಳೆಯ ಬಡಗಣ ದಡ ಮಂಡ್ಯ, ತೆಂಕಣ ದಡ ಮೈಸೂರು.
ಅವರವರೊಳಗೇ ಲೀಗು, ಅವರವರೊಳಗೇ ಫೈನಲ್ಲು.
ಹೊಳೆ ಹರಿದ ಕಡೆಯೇ ವಲಯವೂ ಹರಿಯಿತು,
ಅದು ನೀರಿನ ಹಾಗೆ, ಇದು ಪಂಚೆಯ ಹಾಗೆ.

ನಾವಿರುವುದು ಶ್ರೀರಂಗಪಟ್ಟಣದಲ್ಲಿ.
ಆಚೆ ಒಂದು ಕವಲು, ಈಚೆ ಒಂದು ಕವಲು,
ಎರಡು ತೋಳಿನ ನಡುವೆ ಕೂತ ಕೂಸಿನಂಥ ಊರು.
ಯಾವ ದಡ ಸ್ವಾಮಿ ಇದು?
ಪಟ್ಟಿ ಬರೆದ ಗುಮಾಸ್ತ ಇಲ್ಲಿಗೆ ಬಂದಾಗ
ಪೆನ್ನು ಎತ್ತಿಟ್ಟು ಕಾಫಿಗೆ ಹೋಗಿರಬೇಕು.
ಮಂಡ್ಯದ ಪಟ್ಟಿಯಲ್ಲಿ ಹನ್ನೊಂದು ಕಾಲೇಜು,
ಮೈಸೂರಿನದರಲ್ಲಿ ಹದಿನಾಲ್ಕು,
ನಮ್ಮದು ಎರಡರಲ್ಲೂ ಇಲ್ಲ.

ನಾನು ಗೆರೆ ಹಾಕುವವನು. ಹೆಸರು ಕೆಂಪಸಿದ್ಧ.
ಇಪ್ಪತ್ತೆರಡು ವರ್ಷದಿಂದ
ಹುರಿ, ಗೂಟ, ತೂತಿನ ಡಬ್ಬ, ಸುಣ್ಣದ ಪುಡಿ.
ಗೋಲಿನ ಕಂಬಕ್ಕೆ ಹುರಿ ಕಟ್ಟಿ, ಹದಿನಾರು ಗಜ ಅಳೆದು
ಬಗ್ಗಿ ಬಗ್ಗಿ ತಿರುಗಿದರೆ 'ಡಿ' ಮೂಡುತ್ತೆ.
ಬೆಳಿಗ್ಗೆ ಹಾಕಿದ್ದು ಸಂಜೆಗೆ ಹುಡುಗರ ಕಾಲಿಗೆ ಹತ್ತಿ
ಮದ್ದೂರಿಗೆ ಒಂದಿಷ್ಟು, ಕೇಸರೆಗೆ ಒಂದಿಷ್ಟು ಹೋಗುತ್ತೆ.
ಗೆರೆ ಅಂದರೆ ಇಷ್ಟೇ ಅಂದುಕೊಂಡಿದ್ದೆ.

ಹೋದ ವರ್ಷದ ಆಟ.
ಕೊತ್ತತ್ತಿಯ ಸ್ವಾಮಿಗೌಡ, ಫುಲ್‌ಬ್ಯಾಕು, ಗದ್ದೆಯ ಬದುವಿನಂಥ ಆಳು.
ಉದಯಗಿರಿಯ ಮುದಸ್ಸಿರ್, ಕಡ್ಡಿ ಪೈಲ್ವಾನ,
ಚೆಂಡು ಅವನ ಸ್ಟಿಕ್ಕಿಗೆ ಅಂಟಿದ ಬೆಲ್ಲ.
ಗೌಡನ ಸ್ಟಿಕ್ಕು ಎದ್ದು ಅವನ ಹುಬ್ಬು ಸೀಳಿ ಮೂರು ಹೊಲಿಗೆ.
"ಮುಂದಿನ ವರ್ಷ ಸಿಗು, ನೋಡ್ಕೋತೀನಿ" ಅಂದ, ಹತ್ತಿ ಒತ್ತಿಕೊಂಡು.
"ಎಲ್ಗೋಯ್ತೀನ್ಲಾ, ಇಲ್ಲೇ ಇರ್ತೀನಿ ಬಾ" ಅಂದ ಗೌಡ.
ಆಮೇಲೆ ಇಬ್ಬರೂ ಒಂದೇ ಕಬ್ಬಿನ ಹಾಲಿನ ಗಾಡಿಗೆ ಒರಗಿ
ದುಡ್ಡು ಯಾರು ಕೊಡೋದು ಅಂತ ಮತ್ತೆ ಜಗಳ.
ಆ ಸಾಲ ಹಾಗೇ ಇದೆ.
ಸುತ್ತೋಲೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಸುಣ್ಣಕ್ಕೆ ಇಂಡೆಂಟು ಹಿಡಿದು ಮಂಡ್ಯಕ್ಕೆ ಹೋದೆ.
"ನಿಮ್ದು ಮೈಸೂರ್ಗೆ ಸೇರ್ತದೆ ಕಣಯ್ಯೋ."
ಮೈಸೂರಿಗೆ ಹೋದೆ. ಅಲ್ಲಿ ಮರದ ಮೆಟ್ಟಿಲು, ನಿಧಾನದ ಫ್ಯಾನು, ಮರ್ಯಾದೆ:
"ತಾವು ಮಂಡ್ಯದವರಲ್ಲವೇ?"
ಪ್ಯಾಸೆಂಜರ್ ರೈಲಿನಲ್ಲಿ ವಾಪಸು ಬರುವಾಗ
ಸೇತುವೆಯ ಮೇಲೆ ಕಿಟಕಿಯಿಂದ ಬಗ್ಗಿ ನೋಡಿದೆ.
ನೀರು ಬಂಡೆಗೆ ಬಡಿದು ಎರಡಾಗಿ
ನಾಲ್ಕು ಮಾರು ಹೋಗಿ, ಏನೂ ಆಗದವರ ಹಾಗೆ
ಒಂದಾಗುತ್ತಿತ್ತು.
ಹೇಳಬೇಕು ಅಂತ ಹೇಳುತ್ತಿಲ್ಲ, ಕಂಡದ್ದು.

ಶನಿವಾರ ರಾತ್ರಿ ಫೋನು, ಕೊತ್ತತ್ತಿಯಿಂದ.
"ಸಿದ್ದಣ್ಣೋ, ಸುಣ್ಣ ಐತಾ?"
ಅರ್ಧ ಗಂಟೆಗೆ ಇನ್ನೊಂದು,
ಅದೇ ಪ್ರಶ್ನೆ, ಉದಯಗಿರಿಯ ಕನ್ನಡದಲ್ಲಿ.
ಒಬ್ಬ ಕೇಳಿದ್ದನ್ನು ಇನ್ನೊಬ್ಬನಿಗೆ ನಾನು ಹೇಳಲಿಲ್ಲ.

ಕೋಣೆಯ ಮೂಲೆಯಲ್ಲಿ ಅರ್ಧ ಮೂಟೆ,
ಅದರಲ್ಲೂ ತಳದ ನಾಲ್ಕು ಬೊಗಸೆ ತೇವಕ್ಕೆ ಗಟ್ಟಿ.
ಭಾನುವಾರ ಇಬ್ಬನಿ ಆರುವ ಮೊದಲೇ
ಹುರಿ ಬಿಚ್ಚಿ ಗೂಟ ಹೊಡೆದೆ.
ಪಡುವಣ ಗೋಲಿಗೆ 'ಡಿ' ಬಂತು, ತಟ್ಟೆಯ ಅಂಚಿನಷ್ಟು ನುಣುಪಾಗಿ.
ಪಕ್ಕದ ಗೆರೆ ಅರ್ಧಕ್ಕೆ ಬರುವಷ್ಟರಲ್ಲಿ
ಡಬ್ಬ ಬಡಿದರೆ ಬರೀ ಸದ್ದು.

ಈಗ ಮೈದಾನದಲ್ಲಿ ಗೋಲು ಒಂದೇ.
ಬಂದವರೆಲ್ಲ ಅದಕ್ಕೇ ಹೊಡೆಯಬೇಕು.
ಹಾಗಾದರೆ ಕಾಯುವವನು ಯಾರ ಕಡೆಯವನು?
ಮೇಷ್ಟ್ರನ್ನು ಕೇಳಿದೆ.
ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಕೋಣೆಗೆ ಹೋಗಿ ಹಳೇ ಪ್ಯಾಡು ಹುಡುಕಿದೆ.
ಎಡಗಾಲಿನದನ್ನು ಇಲಿ ತಿಂದಿತ್ತು.
ಬಲಗಾಲಿನದು ಸರಿಯಾಗೇ ಇತ್ತು.